ಕೇಳುವುದು ಬೇರೆ, ಒಪ್ಪಿಗೆ ಬೇರೆ

ಬೇ ಏರಿಯಾದ ಕನ್ನಡಿಗರಾದ ನಾವು ಪ್ರತಿವರ್ಷ ನವೆಂಬರ್ ತಿಂಗಳಿನಲ್ಲಿ ರಾಜ್ಯೋತ್ಸವವನ್ನು ಸಡಗರದಿಂದ ಆಚರಿಸುತ್ತೇವೆ. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು ರಾಜ್ಯಗಳಲ್ಲಿ ಹಂಚಿಹೋಗಿದ್ದ ಕನ್ನಡ ಸೀಮೆಗಳೂ ಕೊಡಗೂ ಮೈಸೂರಿನೊಡನೆ ಒಂದಾದವು. ಅದೇ ದಿನ, ಅದೇ ಕಾಯಿದೆಯ ಬಲದಿಂದ, ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ನಮ್ಮ ಕೂಟದ ಆರೋಗ್ಯ ಶಿಬಿರಗಳಲ್ಲಿ ಸ್ವಯಂಸೇವಕ ವೈದ್ಯರಾಗಿ ಕುಳಿತಾಗ, ಮಕ್ಕಳ ಮನೆಗೆ ಬಂದಿರುವ ಆ ಕಡೆಯ ಹಿರಿಯರನ್ನು ನಾವು ಕಾಣುವುದುಂಟು. ಊರು ಯಾವುದೆಂದು ಕೇಳಿದರೆ, "ಕಾಸರಗೋಡು. ಆದರೆ ನಾವು ಕನ್ನಡದವರೇ" ಎನ್ನುತ್ತಾರೆ. ಆ 'ಆದರೆ' ನಮ್ಮನ್ನು ಸಂವಿಧಾನದ ಪುಟಗಳತ್ತ ಕರೆದೊಯ್ದಿತು.

ರಾಜ್ಯಗಳನ್ನು ಒಡೆಯುವ, ಕೂಡಿಸುವ, ಅವುಗಳ ಗಡಿಯನ್ನೂ ಹೆಸರನ್ನೂ ಬದಲಿಸುವ ಅಧಿಕಾರವನ್ನು 3ನೆಯ ವಿಧಿ ಸಂಸತ್ತಿಗೆ ನೀಡಿದೆ. ಸಾಮಾನ್ಯ ಬಹುಮತವೇ ಸಾಕು. ರಾಷ್ಟ್ರಪತಿಗಳು ಆಯಾ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು ಕೇಳಬೇಕು. ಸಂಸತ್ತು ಅದಕ್ಕೆ ಬದ್ಧವಲ್ಲ. 2014ರಲ್ಲಿ ಆಂಧ್ರಪ್ರದೇಶದ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿದರೂ ತೆಲಂಗಾಣ ಉದಯಿಸಿತು. ಒಕ್ಕೂಟವನ್ನು ಬಿಟ್ಟುಹೋಗಲು ಮಾತ್ರ ಯಾವ ರಾಜ್ಯಕ್ಕೂ ಅವಕಾಶವಿಲ್ಲ.

ನಾವು ನೆಲೆಸಿರುವ ಈ ದೇಶದಲ್ಲಿಯೂ ರಾಜ್ಯವೊಂದು ತನ್ನಿಷ್ಟದಂತೆ ಹೊರನಡೆಯಲಾಗದೆಂದು ಸುಪ್ರೀಂ ಕೋರ್ಟು 1869ರಲ್ಲಿ ಟೆಕ್ಸಾಸ್ ಪ್ರಕರಣದಲ್ಲಿ ತೀರ್ಮಾನಿಸಿತು. ಆದರೆ ಇಲ್ಲಿ ರಾಜ್ಯವನ್ನು ಒಡೆಯಬೇಕಾದರೆ ಕಾಂಗ್ರೆಸ್ಸಿನ ಸಮ್ಮತಿಯ ಜೊತೆಗೆ ಆ ರಾಜ್ಯದ ಶಾಸನಸಭೆಯ ಸಮ್ಮತಿಯೂ ಕಡ್ಡಾಯ. ರೋಗಿಯ ಅಭಿಪ್ರಾಯ ಕೇಳುವುದಕ್ಕೂ ಒಪ್ಪಿಗೆ ಪಡೆಯುವುದಕ್ಕೂ ಇರುವ ಅಂತರವನ್ನು ಬಲ್ಲ ವೈದ್ಯರಿಗೆ ಈ ವ್ಯತ್ಯಾಸ ಸಣ್ಣದಾಗಿ ಕಾಣದು.

ಹಾಗೆಂದು 3ನೆಯ ವಿಧಿಯನ್ನು ನಾವು ಹಳಿಯಲಾರೆವು. ಮುಂಬಯಿ, ಮದರಾಸು, ಹೈದರಾಬಾದುಗಳ ಒಪ್ಪಿಗೆಗಾಗಿ ಕಾಯಬೇಕಾಗಿದ್ದರೆ ಏಕೀಕರಣ ಎಂದಿಗೆ ಆಗುತ್ತಿತ್ತೋ! 1973ರಲ್ಲಿ ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದೂ ಅದೇ ವಿಧಿಯಿಂದ. ನಮ್ಮನ್ನು ಕೂಡಿಸಿದ ಕೈಯೇ ಕಾಸರಗೋಡನ್ನು ಬೇರ್ಪಡಿಸಿತು. ಚಂದ್ರಗಿರಿ ನದಿಯ ಉತ್ತರ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಕಾನೂನಾಗಲಿಲ್ಲ. ವಿಲೀನಕ್ಕಾಗಿ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಯವರು 2015ರಲ್ಲಿ, ನೂರು ವರ್ಷ ತುಂಬಿದ ಮೇಲೆ, ಆ ಕನಸು ಕೈಗೂಡದೆಯೇ ತೀರಿಕೊಂಡರು.

ಗಡಿ ಕದಲದಿದ್ದರೂ ಹಕ್ಕು ಉಳಿದಿದೆ. 1956ರಲ್ಲಿಯೇ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಸಂವಿಧಾನವನ್ನು ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆ ದೊರಕಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂಬುದು ಅದರ ಆಶಯ. ಕಾಸರಗೋಡಿನ ಕನ್ನಡದ ಮಗುವಿಗೆ ನಾವು ಬಯಸುವ ಈ ಹಕ್ಕು ಬೆಳಗಾವಿಯ ಮರಾಠಿ ಮಗುವಿಗೂ ಸಲ್ಲತಕ್ಕದ್ದು. ಸಮುದ್ರ ದಾಟಿ ಬಂದು, ವಾರಾಂತ್ಯದ ತರಗತಿಯಲ್ಲಿ ನಮ್ಮ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿರುವ ನಮಗೆ ಇದನ್ನು ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ. ಈ ಸಲದ ರಾಜ್ಯೋತ್ಸವದಲ್ಲಿ ಗಡಿಯಾಚೆಯ ಹಿರಿಯರನ್ನು ವೇದಿಕೆಗೆ ಕರೆದು ಅವರ ಮಾತನ್ನು ಕೇಳೋಣ. ಅವರು 'ಆದರೆ' ಎನ್ನಬೇಕಾದ ಅಗತ್ಯ ನಮ್ಮ ನಡುವೆಯಾದರೂ ಇಲ್ಲವಾಗಲಿ.