ಅಂಟಿನ ಗಿಡ, ಆಲಮಟ್ಟಿಯ ನೀರು

1

ಡ್ಯಾಮ್ ಸೈಟಿನಲ್ಲಿ ಒಂದು ಮನೆ. ಮಹಡಿಯ ಮೇಲೆ ಹಸಿರು ಬಲೆ, ಬಲೆಯ ಕೆಳಗೆ ತಟ್ಟೆಗಳು, ತಟ್ಟೆಯ ನೀರಿನಲ್ಲಿ ಕುಂಡಗಳು. ಕುಂಡಗಳಲ್ಲಿ ಡ್ರೊಸೆರಾ. ಎಲೆಯ ಮೇಲೆ ಕೆಂಪು ಕೂದಲು. ಪ್ರತಿ ಕೂದಲ ತುದಿಗೆ ಒಂದು ಹನಿ ಅಂಟು. ಬಿಸಿಲೇರಿದರೆ ಇಬ್ಬನಿ ಆರುತ್ತದೆ, ಇದು ಆರುವುದಿಲ್ಲ. ಹನಿ ಮುಟ್ಟಿದ ಗುಂಗಾಡು ಮತ್ತೆ ಹಾರುವುದಿಲ್ಲ.

2

ಬೆಳೆಸುವವನು ಯುವಕ. ಹೊಟ್ಟೆಪಾಡಿನ ಕೆಲಸ ಬೇರೆ. ಗಿಡ ಮಾರುವುದಿಲ್ಲ. ಒಂದು ಜಾತಿಯ ಪರಾಗವನ್ನು ಇನ್ನೊಂದು ಜಾತಿಯ ಹೂವಿಗೆ ಮುಟ್ಟಿಸುತ್ತಾನೆ. ಏನು ಹುಟ್ಟುತ್ತದೆ ಎಂದು ಕಾಯುತ್ತಾನೆ.

3

ಮಹಡಿಯಿಂದ ಜಲಾಶಯ ಕಾಣುತ್ತದೆ. 519.60 ಮೀಟರ್ ಮಟ್ಟಕ್ಕೆ ತುಂಬಿದಾಗ 123 ಟಿಎಂಸಿ ನೀರು. ಗೇಟು 26. ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು, ಲಾಲ್ ಬಹದ್ದೂರ್ ಶಾಸ್ತ್ರಿ. ಮುಂದಿನ ತಿಂಗಳು ಅವರು ಪ್ರಧಾನಿಯಾದರು. ಈಗ ಸಾಗರಕ್ಕೆ ಅವರ ಹೆಸರು.

ಈ ಗಿಡಗಳಿಗೆ ಆ ನೀರು ಹಾಕುವುದಿಲ್ಲ.

4

ಹಾಕುವುದು ಮಳೆನೀರು. ಹಂಚಿನಿಂದ ಇಳಿದದ್ದನ್ನು ಡ್ರಮ್ಮಿನಲ್ಲಿ ಹಿಡಿದಿಡುತ್ತಾನೆ. ಡ್ರಮ್ಮು ಬರಿದಾದರೆ ಶುದ್ಧ ನೀರಿನ ಘಟಕಕ್ಕೆ ಹೋಗಿ, ನಾಣ್ಯ ಹಾಕಿ, ಕ್ಯಾನ್ ತುಂಬಿಸಿಕೊಂಡು ಬರುತ್ತಾನೆ. ಮನೆಯವರು ಕುಡಿಯುವ ಕ್ಯಾನ್ ಒಂದು, ಗಿಡಗಳ ಕ್ಯಾನ್ ಒಂದು.

ಅವನ ಬಳಿ ಪೆನ್ನಿನಷ್ಟು ಉದ್ದದ ಮೀಟರ್ ಇದೆ. ನೀರಿನಲ್ಲಿ ಕರಗಿದ ಲವಣ ಎಷ್ಟು ಎಂದು ತೋರಿಸುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಒಪ್ಪುವ ಮಿತಿ ಲೀಟರಿಗೆ 500 ಮಿಲಿಗ್ರಾಂ; ಬೇರೆ ನೀರು ಸಿಗದಿದ್ದರೆ 2000ದವರೆಗೆ ನಡೆಯುತ್ತದೆ. ಡ್ರೊಸೆರಾ ಬೆಳೆಸುವವರು 50ರ ಕೆಳಗೆ ಇಟ್ಟುಕೊಳ್ಳುತ್ತಾರೆ.

ಮನುಷ್ಯ ಕುಡಿದು ಬದುಕುವ ನೀರಿಗೆ ಈ ಗಿಡದ ಬೇರು ಸಾಯುತ್ತದೆ.

5

ಮಣ್ಣೂ ಇಲ್ಲಿಯದಲ್ಲ. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣ ಇದೆ. ಹೊಲದಲ್ಲಿ ಸುಣ್ಣದ ಹರಳು ಕೈಗೇ ಸಿಗುತ್ತದೆ. ಡ್ರೊಸೆರಾಕ್ಕೆ ಹುಳಿ ಮಣ್ಣು ಬೇಕು, ಸಾರವಿಲ್ಲದ್ದು. ಪಾಚಿ ಕೊಳೆತು ಆದ ಪೀಟ್, ತೊಳೆದ ಮರಳು, ಅಷ್ಟೆ. ಗೊಬ್ಬರ ಹಾಕಿದರೆ ಗಿಡ ಹೋಗುತ್ತದೆ. ಸಾರಜನಕವನ್ನು ಅದು ಹುಳದಿಂದ ತೆಗೆದುಕೊಳ್ಳುತ್ತದೆ, ಎಲೆಯ ಮೂಲಕ.

ನೋಡಲು ಬಂದ ಹಿರಿಯ ರೈತರೊಬ್ಬರು ಕೇಳಿದರು: "ಗೊಬ್ಬರ ಹಾಕಿದ್ರ ಸಾಯೂ ಗಿಡ ಯಾತಕ್ಕ ಹುಟ್ಟೇದ್ರಿ?" ಹುಡುಗ ಉತ್ತರ ಹೇಳಲಿಲ್ಲ. ಒಂದು ಇರುವೆ ಹಿಡಿದು ಎಲೆಯ ಮೇಲೆ ಇಟ್ಟು ತೋರಿಸಿದ. ರೈತರು ಬಹಳ ಹೊತ್ತು ನೋಡಿದರು.

6

ಸತಾರಾ ಜಿಲ್ಲೆಯ ಕಾಸ್ ಪ್ರಸ್ಥಭೂಮಿ ಜಂಬಿಟ್ಟಿಗೆಯ ಬಯಲು. 2012ರಿಂದ ವಿಶ್ವ ಪರಂಪರೆಯ ಪಶ್ಚಿಮ ಘಟ್ಟದ ಭಾಗ. ಮಳೆಗಾಲದಲ್ಲಿ ಅಲ್ಲಿ ಡ್ರೊಸೆರಾ ಇಂಡಿಕಾ, ಡ್ರೊಸೆರಾ ಬರ್ಮಾನಿ ಬರುತ್ತವೆ. ಜೊತೆಗೆ ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ, ಹಾಸಿದಂತೆ. ಮೂರೂ ಹುಳ ಹಿಡಿಯುವ ಗಿಡಗಳು.

ಕಾಸ್ ಬಳಿ ಹುಟ್ಟುವ ಉರ್ಮೋಡಿ ಕೃಷ್ಣೆಗೆ ಸೇರುತ್ತದೆ. ಕೃಷ್ಣೆ ಆಲಮಟ್ಟಿಗೆ ಬರುತ್ತದೆ.

ಬಂಡೆಯಿಂದ ಇಳಿಯುವಾಗ ಅದು ಈ ಗಿಡ ಒಪ್ಪುವ ನೀರು. ದಾರಿಯಲ್ಲಿ ಕಪ್ಪು ಮಣ್ಣು, ಕಬ್ಬಿನ ಗದ್ದೆ, ಊರುಗಳು.

7

ಕೃಷ್ಣೆ ಹುಟ್ಟುವ ಮಹಾಬಲೇಶ್ವರದಲ್ಲಿ ವರ್ಷಕ್ಕೆ 5000 ಮಿ.ಮೀ.ಗೂ ಹೆಚ್ಚು ಮಳೆ. ವಿಜಯಪುರ ಜಿಲ್ಲೆಯಲ್ಲಿ ಸುಮಾರು 600. ನದಿ ಒಂದೇ.

8

ಹೂವು. ಡ್ರೊಸೆರಾದ ಹೂಕಾಂಡ ಎಲೆಗಿಂತ ಎತ್ತರಕ್ಕೆ ಏಳುತ್ತದೆ. ಹೂವಿಗೆ ಬರುವ ಹುಳ ಎಲೆಗೆ ಬೀಳದಷ್ಟು ದೂರ. ಮೇಲಿನಿಂದ ಬಂದರೆ ಅತಿಥಿ, ಕೆಳಗಿನಿಂದ ಬಂದರೆ ಊಟ. ಎರಡೂ ಒಂದೇ ಗಿಡದ್ದು.

ಮೊಗ್ಗುಗಳು ಸಾಲಾಗಿ ಸುರುಳಿ ಸುತ್ತಿರುತ್ತವೆ. ಸಾಮಾನ್ಯವಾಗಿ ದಿನಕ್ಕೆ ಒಂದು ಅರಳುತ್ತದೆ. ಬೆಳಿಗ್ಗೆ ಬಿಸಿಲಿಗೆ ಬಾಯಿ ಬಿಡುತ್ತದೆ, ಕೆಲವೇ ತಾಸಿನಲ್ಲಿ ಮುಚ್ಚುತ್ತದೆ. ಮುಚ್ಚುವಾಗ ತನ್ನ ಪರಾಗ ತನಗೇ ತಾಗುತ್ತದೆ, ಬೀಜ ಕಟ್ಟುತ್ತದೆ. ಹುಳ ಬರಲಿ ಬಿಡಲಿ.

ಆದ್ದರಿಂದ ಕ್ರಾಸ್ ಮಾಡುವವನು ಹೂವಿಗಿಂತ ಮೊದಲು ಏಳಬೇಕು. ಹುಡುಗ ಭೂತಗನ್ನಡಿಯನ್ನು ಕಣ್ಣಿಗೆ ಕಟ್ಟಿಕೊಂಡು, ಸಣ್ಣ ಚಿಮಟದಿಂದ ಐದು ಕೇಸರಗಳನ್ನು ಕೀಳುತ್ತಾನೆ. ಒಂದು ಉಳಿದರೂ ಕೆಲಸ ಕೆಟ್ಟಿತು. ಬೇರೆ ಜಾತಿಯ ಕೇಸರ ತಂದು ಶಲಾಕಾಗ್ರಕ್ಕೆ ಒರೆಸುತ್ತಾನೆ. ಹೂವಿನ ತೊಟ್ಟಿಗೆ ಕೆಂಪು ದಾರ.

ಉಸಿರು ಹಿಡಿದು ಮಾಡುತ್ತಾನೆ. ಮಾತಾಡಿಸಿದರೆ ಕೈ ಎತ್ತುತ್ತಾನೆ.

9

ಈ ಕೆಲಸವನ್ನು ಬೇರೆ ಕಡೆ ನೋಡಿದ್ದೇನೆ. ಕುಷ್ಟಗಿ ಕಡೆ, ರಾಣೆಬೆನ್ನೂರು ಕಡೆ, ಬೀಜೋತ್ಪಾದನೆಯ ಹೊಲಗಳಲ್ಲಿ. ಹೆಣ್ಣುಮಕ್ಕಳು ಇಳಿಹೊತ್ತಿಗೆ ಹತ್ತಿಯ ಮೊಗ್ಗು ಬಿಡಿಸಿ, ಉಗುರಿನಿಂದ ಕೇಸರ ಸುಲಿಯುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಮುಟ್ಟಿಸುತ್ತಾರೆ. ದಾರ ಕಟ್ಟುತ್ತಾರೆ. ಕೆಲಸದ ಹೆಸರು ಕ್ರಾಸಿಂಗ್. ಅವರಿಗೆ ಭೂತಗನ್ನಡಿ ಇಲ್ಲ. ಮಾತು ನಿಲ್ಲುವುದಿಲ್ಲ, ಕೈ ತಪ್ಪುವುದಿಲ್ಲ.

ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ ವರಲಕ್ಷ್ಮಿ ತಳಿ ಬಂದದ್ದು 1972ರಲ್ಲಿ, ಧಾರವಾಡದಿಂದ, ಮಾಡಿದವರು ಡಾ. ಬಿ.ಎಚ್. ಕಟರಕಿ. ತಂದೆತಾಯಿ ಎರಡರಲ್ಲೂ ವರ್ಣತಂತು 52. ಮಗಳು ಬೀಜ ಕಟ್ಟಿದಳು, ಅರಳೆ ಕೊಟ್ಟಳು.

ಹುಡುಗನ ಅಜ್ಜಿ ಹತ್ತಿ ಬೆಳೆದವರು. ಮಹಡಿ ಹತ್ತಿ ಬಂದು ದಾರ ಕಟ್ಟಿದ ಹೂವು ನೋಡಿದರು. "ಇದರಾಗ ಏನ್ ಬರ್ತದ?"

"ಇನ್ನೊಂದು ಇಂಥಾದ್ದೇ."

"ಹಂಗಾರ ಸರಿ" ಎಂದರು. ಏನು ಸರಿ ಎಂದು ನಾನು ಕೇಳಲಿಲ್ಲ.

10

ಡ್ರೊಸೆರಾ ವಂಶದಲ್ಲಿ ಲೆಕ್ಕ ಕೂಡುವುದು ಕಡಿಮೆ.

ಯುರೋಪಿನ ಜೌಗಿನಲ್ಲಿ ರೊಟುಂಡಿಫೋಲಿಯಾ ಇದೆ: ವರ್ಣತಂತು 20. ಅದರ ಪಕ್ಕದಲ್ಲೇ ಆಂಗ್ಲಿಕಾ: 40. ಎರಡೂ ತಾವಾಗಿ ಕೂಡುತ್ತವೆ. ಮಗುವಿಗೆ 30. ಸ್ವೀಡನ್ನಿನ ಒಟ್ಟೊ ರೋಸೆನ್‌ಬರ್ಗ್ ಈ ಮಗುವಿನ ಪರಾಗಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 1903ರಲ್ಲಿ, ಮತ್ತೆ 1909ರಲ್ಲಿ ಬರೆದರು. 20 ತಂತುಗಳು ಜೋಡಿಯಾಗಿ 10 ಜೊತೆ. ಉಳಿದ 10 ಒಂಟಿ. ಒಂಟಿಗಳು ಎತ್ತ ಹೋಗಬೇಕೆಂದು ತಿಳಿಯದೆ ಚದುರುತ್ತವೆ. ಬೀಜ ನಿಲ್ಲುವುದಿಲ್ಲ.

ಗಿಡಗಳ ಮಿಶ್ರತಳಿಯಲ್ಲಿ ಎಲ್ಲೇ ಹೀಗೆ ಕಂಡರೂ ತಳಿಶಾಸ್ತ್ರದವರು ಅದನ್ನು ಡ್ರೊಸೆರಾ ಮಾದರಿ ಎಂದರು. ಗೋದಿಯ ತಳಿಗಳನ್ನು ಓದುವಾಗಲೂ ಈ ಹೆಸರು ಸಿಗುತ್ತದೆ. ಅನ್ನದ ಗಿಡಕ್ಕೆ ಹುಳ ತಿನ್ನುವ ಗಿಡದ ಹೆಸರಿನ ನಿಯಮ.

11

ಬೀಜವಿಲ್ಲದ ಮಗು ಸಾಯುವುದೂ ಇಲ್ಲ. ಒಂದು ಎಲೆ ಕಿತ್ತು ಮಳೆನೀರಿನಲ್ಲಿ ತೇಲಿಬಿಟ್ಟರೆ ಕೆಲವು ವಾರಗಳಲ್ಲಿ ಎಲೆಯ ಮೇಲೆ ಮರಿಗಿಡ ಏಳುತ್ತದೆ. ಅದೇ ಗಿಡ, ಮತ್ತೆ. ಆ ಮರಿಯ ಎಲೆ ಕಿತ್ತರೆ ಇನ್ನೂ ಒಂದು.

ಹೀಗೆ ಎಷ್ಟು ವರ್ಷ ಬೇಕಾದರೂ. ಎಲೆ ಕೀಳುವ ಕೈ ಒಂದು ಇರಬೇಕು.

12

ಜಪಾನಿನ ಟೊಕಾಯ್ ಪ್ರದೇಶದಲ್ಲಿ ಒಂದು ಡ್ರೊಸೆರಾ: ಟೊಕಾಯೆನ್ಸಿಸ್. ರೊಟುಂಡಿಫೋಲಿಯಾ 20, ಸ್ಪಾಟುಲಾಟಾ 40. ಕೂಡಿದರೆ 30, ಬಂಜೆ. ಟೊಕಾಯೆನ್ಸಿಸ್‌ನಲ್ಲಿ ಇರುವುದು 60. ಯಾವಾಗಲೋ ಬಂಜೆಯ ತಂತುಗಳು ಇಮ್ಮಡಿಯಾದವು. ಒಂಟಿಗಳಿಗೆಲ್ಲ ಜೊತೆ ಸಿಕ್ಕಿತು. ಬೀಜ ಬಂತು. ಈಗ ಅದನ್ನು ಒಂದು ಜಾತಿ ಎನ್ನುತ್ತಾರೆ.

ಮೇಲೆ ಹೇಳಿದ ಆಂಗ್ಲಿಕಾ ಕೂಡ ಹೀಗೇ ಹುಟ್ಟಿರಬೇಕು ಎನ್ನುತ್ತಾರೆ: ರೊಟುಂಡಿಫೋಲಿಯಾ ಮತ್ತು ಅಮೆರಿಕದ ಲಿನಿಯಾರಿಸ್ ಕೂಡಿ, ಇಮ್ಮಡಿಯಾಗಿ. ಹಾಗಿದ್ದರೆ ರೊಟುಂಡಿಫೋಲಿಯಾ ಮತ್ತೆ ಕೂಡಿದ್ದು ತನ್ನ ಮಗುವಿನೊಡನೆ.

ಜಾತಿ ಎಲ್ಲಿ ಮುಗಿಯಿತು, ಮಿಶ್ರ ಎಲ್ಲಿ ಶುರುವಾಯಿತು ಎಂದು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ. ಗೆರೆ ಎಳೆಯಲು ಜಾಗ ಸಿಗಲಿಲ್ಲ.

13

ಡಾರ್ವಿನ್ ರೊಟುಂಡಿಫೋಲಿಯಾದ 31 ಎಲೆಗಳ ಕೂದಲು ಎಣಿಸಿದ. ಸರಾಸರಿ 192, ಹೆಚ್ಚೆಂದರೆ 260, ಕಡಿಮೆಯೆಂದರೆ 130. ಪುಸ್ತಕ 1875ರಲ್ಲಿ ಬಂತು. 0.000822 ಮಿಲಿಗ್ರಾಂ ತೂಕದ ಕೂದಲ ಚೂರು ಇಟ್ಟರೂ ಎಲೆಯ ಕೂದಲು ಬಾಗಿತು. ಮಳೆಹನಿ ಬಿದ್ದರೆ ಬಾಗಲಿಲ್ಲ.

ಆಮೇಲೆ ಮಗ ಫ್ರಾನ್ಸಿಸ್ ಕೆಲವು ಗಿಡಗಳಿಗೆ ಮಾಂಸ ಕೊಟ್ಟು, ಕೆಲವಕ್ಕೆ ಕೊಡದೆ ಬೆಳೆಸಿದ. ಉಂಡ ಗಿಡಗಳ ಬೀಜದ ತೂಕ ಉಪವಾಸದವುಗಳ ಮೂರು ಪಟ್ಟಿಗೂ ಹೆಚ್ಚು.

14

ಬೇಸಿಗೆಯ ಗಾಳಿಗೆ ಇಲ್ಲಿ ಎರೆಯ ಧೂಳು ಏಳುತ್ತದೆ. ಎಲೆಗೆ ಅಂಟುತ್ತದೆ. ಕೂದಲು ಧೂಳಿನ ಮೇಲೆ ಬಾಗುತ್ತವೆ, ಸ್ವಲ್ಪ ಹೊತ್ತಿಗೆ ಬಿಟ್ಟು ನೇರವಾಗುತ್ತವೆ. ಹುಳವಾದರೆ ದಿನಗಟ್ಟಲೆ ಬಿಡುವುದಿಲ್ಲ.

15

ಇಂಗ್ಲೆಂಡಿನ ವೀಚ್ ನರ್ಸರಿಯ ಜಾನ್ ಡೊಮಿನಿ, ಹುಳ ಹಿಡಿಯುವ ಹೂಜಿ ಗಿಡಗಳನ್ನು ಕೂಡಿಸಿದವರಲ್ಲಿ ಮೊದಲಿಗ. ಅವನ ಹೆಸರಿನ ಮಿಶ್ರತಳಿ 1862ರದು. ಹೂಜಿ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಕೇಸರ ಕೀಳುವ ಕಷ್ಟವಿಲ್ಲ. ಎರಡೂ ಒಂದೇ ವಾರ ಹೂ ಬಿಡಬೇಕು, ಅದು ಕಷ್ಟ.

ಭಾರತದ ಹೂಜಿ ಗಿಡ ಒಂದೇ ಜಾತಿ, ಮೇಘಾಲಯದ್ದು. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಕಟ್ಟುನಿಟ್ಟಿನ ನಿರ್ಬಂಧವಿದೆ. ಹುಡುಗನ ಮಹಡಿಯಲ್ಲಿ ಅದು ಇಲ್ಲ. ಕಾಡಿನಿಂದ ಕಿತ್ತ ಗಿಡ ಅವನು ಮುಟ್ಟುವುದಿಲ್ಲ. ಬೀಜ, ಎಲೆ, ಇನ್ನೊಬ್ಬರು ಬೆಳೆಸಿದ್ದು ಮಾತ್ರ. ಈ ಒಂದು ಮಾತನ್ನು ಮಾತ್ರ ಅವನು ಗಟ್ಟಿಯಾಗಿ ಹೇಳುವುದನ್ನು ಕೇಳಿದ್ದೇನೆ. ಒಪ್ಪತಕ್ಕ ಮಾತು.

16

ವೀನಸ್ ನೊಣಹಿಡುಕ ಡ್ರೊಸೆರಾದ ಕುಟುಂಬದ್ದೇ. ತನ್ನ ಕುಲದಲ್ಲಿ ಒಂದೇ ಜಾತಿ. ಕೂಡಲು ಯಾರೂ ಇಲ್ಲ.

17

ಆಲಮಟ್ಟಿಯ ತೋಟಗಳು: ರಾಕ್ ಗಾರ್ಡನ್, ಕೃಷ್ಣಾ ಗಾರ್ಡನ್, ಮೊಘಲ್ ಗಾರ್ಡನ್, ಇಟಾಲಿಯನ್ ಗಾರ್ಡನ್. ಸಂಗೀತ ಕಾರಂಜಿ. ಮೊದಲ ಮಳೆ ಬಿದ್ದ ಸಂಜೆ ದೀಪಗಳ ಸುತ್ತ ರೆಕ್ಕೆಹುಳ ಮುತ್ತುತ್ತವೆ, ಬೆಳಿಗ್ಗೆ ರೆಕ್ಕೆಗಳ ರಾಶಿ. ಅದೇ ವಾರ ಮಹಡಿಯ ಕುಂಡಗಳ ಎಲೆಗಳೆಲ್ಲ ಮಡಚಿಕೊಂಡಿರುತ್ತವೆ.

18

ಚಿತ್ರಮೂಲ. ಬೇಲಿಯಲ್ಲಿ, ಬಿಳಿ ಹೂ. ಹೂವಿನ ಬುಡದ ಪುಷ್ಪಪಾತ್ರೆಯ ಮೇಲೆ ಕೂದಲು, ತುದಿಗೆ ಅಂಟು. ಬೆರಳಿಗೆ ಹತ್ತುತ್ತದೆ. ಹತ್ತಿರದಿಂದ ನೋಡಿದರೆ ಸಣ್ಣ ನೊಣಗಳು, ಸತ್ತವು.

ಚಿತ್ರಮೂಲದ ಬೇರಿನಲ್ಲಿ ಪ್ಲಂಬಾಜಿನ್ ಎಂಬ ಉರಿ ತರುವ ವಸ್ತುವಿದೆ. ಡ್ರೊಸೆರಾದಲ್ಲೂ ಇದೆ. ಎರಡರ ಕುಟುಂಬಗಳು ಹತ್ತಿರದ ನೆಂಟರು.

ಬೇಲಿಯ ಗಿಡ ನೊಣವನ್ನು ಹಿಡಿದು ಏನು ಮಾಡುತ್ತದೆ? ತಿಂದಂತೆ ಕಾಣುವುದಿಲ್ಲ. ನೊಣ ಅಲ್ಲೇ ಒಣಗಿ ಇರುತ್ತದೆ.

19

ಡ್ರೊಸೆರಾ ಇಂಡಿಕಾ ವರ್ಷದ ಗಿಡ. ಮಳೆಗೆ ಹುಟ್ಟಿ, ನೆಲ ಒಣಗುವ ಹೊತ್ತಿಗೆ ಬೀಜ ಉದುರಿಸಿ ಸಾಯುತ್ತದೆ. ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲೂ ಹಾಗೇ. ಬೇಸಿಗೆ ಎಷ್ಟು ಸುಡುತ್ತದೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಹುಡುಗನ ದಕ್ಷಿಣ ಆಫ್ರಿಕದ ಕಾಪೆನ್ಸಿಸ್‌ಗೆ ಗೊತ್ತಾಗುತ್ತದೆ. ಏಪ್ರಿಲ್‌ನಲ್ಲಿ ಅದರ ಹನಿ ಬತ್ತುತ್ತದೆ. ಅವನು ಕುಂಡವನ್ನು ಒಳಗೆ, ನೀರಿನ ಹರವಿಯ ಪಕ್ಕ ಇಡುತ್ತಾನೆ. ಮನೆಯಲ್ಲಿ ಅದೇ ತಂಪು ಜಾಗ.

20

ಗೌರಿ ಹೂವಿನ ಗಡ್ಡೆಯಲ್ಲಿ, ಬೀಜದಲ್ಲಿ ಕಾಲ್ಚಿಸಿನ್ ಎಂಬ ವಿಷ. ಕೋಶ ಒಡೆಯುವಾಗ ತಂತುಗಳು ಎರಡು ಕಡೆ ಹಂಚಿಹೋಗದಂತೆ ತಡೆಯುತ್ತದೆ; ಎಲ್ಲವೂ ಒಂದೇ ಕಡೆ ಉಳಿದು ಇಮ್ಮಡಿಯಾಗುತ್ತವೆ. ತಳಿ ಮಾಡುವವರು 1937ರಿಂದ ಇದನ್ನು ಬಳಸುತ್ತಿದ್ದಾರೆ. ಬಂಜೆ ಡ್ರೊಸೆರಾದ ಮೇಲೂ ಹವ್ಯಾಸಿಗಳು ಇದನ್ನು ಪ್ರಯೋಗಿಸುತ್ತಾರೆ.

ಜಪಾನಿನ ಜೌಗಿನಲ್ಲಿ ತಾನಾಗಿ ಆದದ್ದನ್ನು ಬಟ್ಟಲಿನಲ್ಲಿ ಮಾಡುವ ಯತ್ನ. ಹುಡುಗ ಮಾಡಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ ಎಂದ.

21

ಕಡಲೆ. ಹಿಂಗಾರಿಯಲ್ಲಿ ಈ ಸೀಮೆಯ ಎರೆ ಹೊಲವೆಲ್ಲ ಕಡಲೆ, ಜೋಳ. ಕಡಲೆ ಎಲೆಯ ಮೇಲೂ ಕೂದಲು, ಪ್ರತಿ ಕೂದಲಿಗೂ ಹನಿ. ಹುಳಿ ಹನಿ: ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ. ಹಿಂದೆ ನಸುಕಿನಲ್ಲಿ ಬೆಳೆಯ ಮೇಲೆ ಬಿಳಿ ಬಟ್ಟೆ ಹಾಸಿ, ಹಿಂಡಿ, ಹುಳಿಯನ್ನು ಸೀಸೆಯಲ್ಲಿ ಇಡುತ್ತಿದ್ದರು. ಹೊಟ್ಟೆನೋವಿಗೆ ಔಷಧ. ಬರಿಗಾಲಲ್ಲಿ ಹೊಲ ದಾಟಿದರೆ ಕಾಲು ಉರಿಯುತ್ತದೆ.

ಕಾಯಿಕೊರಕ ಹುಳ ಈ ಹುಳಿಯ ನಡುವೆಯೇ ಓಡಾಡಿ ಕಾಯಿ ತಿನ್ನುತ್ತದೆ.

ಕಡಲೆಯ ಹೂವೂ ಅರಳುವ ಮೊದಲೇ ಒಳಗೇ ಪರಾಗ ಮುಗಿಸುತ್ತದೆ. ಕ್ರಾಸ್ ಮಾಡುವವರು ಮೊಗ್ಗನ್ನೇ ಸೀಳಬೇಕು.

ಹುಡುಗನಿಗೆ ಇದನ್ನು ಹೇಳಿದೆ. ಅವನು ಕಡಲೆ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿರಲಿಲ್ಲ. ಡಿಸೆಂಬರಿನಲ್ಲಿ ಅವರ ಹೊಲಕ್ಕೆ ಹೋಗುವುದೆಂದು ಮಾತಾಗಿದೆ. ಅಜ್ಜಿಯೂ ಬರುತ್ತೇನೆ ಎಂದಿದ್ದಾರೆ. ಬಟ್ಟೆ ಹಾಸುವುದು ಅವರಿಗೆ ಗೊತ್ತು. ನೋಡಬೇಕಾದದ್ದು: ಹನಿಗೆ ಸಿಕ್ಕ ಹುಳ ಇದೆಯೆ, ಇದ್ದರೆ ಯಾವುದು, ಅದರ ಸುತ್ತ ಕೂದಲು ಬಾಗಿವೆಯೆ.