ಸೋಲಲು ಕಲಿಸುವ ರಂಗಶಾಲೆ

ಕೆನಡಾದ ರಾಕಿ ಪರ್ವತಗಳ ಪೂರ್ವಕ್ಕೆ, ಬೋ ನದಿಯ ದಂಡೆಯ ಮೇಲಿದೆ ಕ್ಯಾಲ್ಗರಿ ನಗರ. ತೈಲೋದ್ಯಮಕ್ಕೂ ಕೊರೆಯುವ ಚಳಿಗೂ ಹೆಸರಾದ ಈ ಊರಿಗೆ ದೇಶವಿದೇಶಗಳ ನಟರು ಬರುವುದು ಮಾತ್ರ ಬೇರೊಂದು ಸೆಳೆತಕ್ಕೆ. ಇಲ್ಲಿನ ‘ಲೂಸ್ ಮೂಸ್’ ತಂಡದ ಆಶುನಾಟಕಗಳಿಗೆ ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ನಟರು ರಂಗಕ್ಕೆ ಬಂದ ಮೇಲೆಯೇ ಕಥೆ ಹುಟ್ಟಬೇಕು.

1977ರಲ್ಲಿ ಈ ತಂಡ ಕಟ್ಟಿದವರಲ್ಲಿ ಪ್ರಮುಖರು ಇಂಗ್ಲೆಂಡಿನಿಂದ ಬಂದ ಕೀತ್ ಜಾನ್‌ಸ್ಟೋನ್. ಒಂದು ಕಾಲಕ್ಕೆ ಅವರೂ ಶಾಲಾ ಮೇಷ್ಟ್ರು. ಬಾಲ್ಯದಲ್ಲಿ ತಮ್ಮ ಗುರುಗಳು ‘ಕೂಡದು’ ಎಂದು ತಡೆದದ್ದನ್ನೆಲ್ಲ ಪಟ್ಟಿ ಮಾಡಿ, ಅದನ್ನೇ ನಟರಿಗೆ ಅಭ್ಯಾಸವಾಗಿ ಕೊಟ್ಟವರು.

ಅವರು ರೂಪಿಸಿದ ‘ಥಿಯೇಟರ್‌ಸ್ಪೋರ್ಟ್ಸ್’ನಲ್ಲಿ ಎರಡು ತಂಡಗಳ ನಡುವೆ ಪೈಪೋಟಿ. ತೀರ್ಪುಗಾರರು ಅಂಕ ಕೊಡುತ್ತಾರೆ. ದೃಶ್ಯ ಬೇಸರ ತರಿಸಿದರೆ ಹಾರ್ನ್ ಒತ್ತುತ್ತಾರೆ. ಆಗ ನಟ ಮುಖ ಸಿಂಡರಿಸದೆ, ನಗುನಗುತ್ತ ರಂಗದಿಂದಿಳಿಯಬೇಕು. ಈ ಆಟ ಈಗ ಹಲವು ದೇಶಗಳಲ್ಲಿದೆ. ಆಡುವ ನಟ ಊರಿಂದೂರಿಗೆ ಹೊರಟಾಗ ಕಂಠಪಾಠದ ಹೊರೆಯಿಲ್ಲ. ಗುರುತಿಲ್ಲದ ಜೊತೆಗಾರ ಆಡಿದ ಮಾತನ್ನು ಒಪ್ಪಿಕೊಂಡು ಮುಂದುವರಿಸುವ ಗುಣವೇ ಅವನ ಬಂಡವಾಳ.

‘ಚೆನ್ನಾಗಿ ಮಾಡಲೇಬೇಕು’ ಎಂದು ಹೆಣಗಬೇಡಿ, ಹೆಣಗಿದಷ್ಟೂ ಮನಸ್ಸು ಬಿಗಿಯುತ್ತದೆ ಎಂಬುದು ಜಾನ್‌ಸ್ಟೋನ್ ಪಾಠ. 2023ರಲ್ಲಿ ಅವರು ತೀರಿಕೊಂಡರು. ಪರೀಕ್ಷೆಯ ಫಲಿತಾಂಶದ ದಿನ ಮಕ್ಕಳಿಗೂ ಹೆತ್ತವರಿಗೂ ಬೇಕಾದ ಪಾಠವಿದು.