ಗಣಿ ಎಷ್ಟು ತಾಸು ಓಡಿದರೆ ಎಷ್ಟು ಬಂಗಾರ?

ಬಂಗಾರದ ರೇಟು ಏರಿದಾಗಿನಿಂದ ಬೇವೂರಿನ ಕಡೆ ಹೋದಲ್ಲೆಲ್ಲ ನಮಗೆ ಇದೇ ಮಾತು. ಹೋದ ವಾರ ಪರಿಚಯದ ಕಾಕಾ ಒಬ್ಬರು ಮೊಬೈಲ್ ಮುಂದೆ ಹಿಡಿದರು. "ತಮ್ಮಾ, ಈ ಸಣ್ಣ ಗಣಿಗೆ ರೊಕ್ಕ ಹಾಕಿದ್ರ ಹೆಂಗ?"

ಮೊಬೈಲಿನಲ್ಲಿ ಒಂದು ಲೆಕ್ಕ ಇತ್ತು. ಗಣಿ ಯಾವ ಊರಿನದು ಅಂತ ಮಾತ್ರ ಇರಲಿಲ್ಲ. ಮಷೀನು ತಾಸಿಗೆ 2 ಟನ್ ಕಲ್ಲು ಅರೆಯುತ್ತದೆ, ದಿನಕ್ಕೆ 24 ತಾಸು, ತಿಂಗಳಿಗೆ 30 ದಿನ, ಟನ್ನಿಗೆ 10 ಗ್ರಾಂ ಬಂಗಾರ. ಗ್ರಾಂಗೆ 10,000 ರೂಪಾಯಿ ಹಿಡಿದರೆ ತಿಂಗಳಿಗೆ 14 ಕೋಟಿ 40 ಲಕ್ಷ! ಕಾಕಾ ಹಾಕಲು ಹೊರಟಿದ್ದು ಮಗಳ ಮದುವೆಗೆ ತೆಗೆದಿಟ್ಟ ರೊಕ್ಕ.

ಗುಣಾಕಾರ ಸರಿಯಾಗೇ ಇದೆ, ನಾವೂ ಮಾಡಿ ನೋಡಿದೆವು. ಗುಣಿಸಿದ ಅಂಕಿಗಳೇ ಬೇರೆ ಕಥೆ.

ಮೊದಲು ತಾಸು ನೋಡಿ. ನಮ್ಮ ಹೊಲಕ್ಕೆ ಜೆಸಿಬಿ ಬಂದರೆ ಮೀಟರ್ ನೋಡಿ ತಾಸಿನ ರೊಕ್ಕ ಕೊಡುತ್ತೇವೆ. ಎಂಜಿನ್ ಓಡಿದಷ್ಟೂ ಮಣ್ಣು ಎತ್ತಿದೆ ಅಂತಲ್ಲ, ಅದು ನಮಗೆಲ್ಲ ಗೊತ್ತು. ಊರ ಹಿಟ್ಟಿನ ಗಿರಣಿ ಕೂಡ ಕರೆಂಟು ಹೋದರೆ, ಬೆಲ್ಟು ಹರಿದರೆ, ಕಾಳು ಬರದಿದ್ದರೆ ಸುಮ್ಮನೆ ನಿಲ್ಲುತ್ತದೆ. ಗಣಿಯ ಗಿರಣಿ ಅರೆಯುವುದು ಕಲ್ಲನ್ನು; ಸವೆತ ಇನ್ನೂ ಜಾಸ್ತಿ, ನೀರೂ ಬೇಕು. ಹಗಲೂ ರಾತ್ರಿ ಓಡಿದ್ದು ನಿಜವೇ ಆದರೆ ಕರೆಂಟು ಬಿಲ್ಲಿನಲ್ಲೋ ಡೀಸೆಲ್ ಬಿಲ್ಲಿನಲ್ಲೋ ಕಾಣಲೇಬೇಕು. ಅದನ್ನು ತೋರಿಸಿ ಅಂತ ಕೇಳಬಹುದು.

ಆದರೆ ದೊಡ್ಡ ಆಟ ಇರುವುದು "ಟನ್ನಿಗೆ 10 ಗ್ರಾಂ" ಅನ್ನುವಲ್ಲಿ. ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ. 1947ರಲ್ಲಿ ನಿಜಾಮನ ಕಾಲದಲ್ಲಿ ಶುರುವಾದ ಕಂಪನಿ, ಈಗ ರಾಜ್ಯ ಸರ್ಕಾರದ್ದು. ಆಳದ ಶಾಫ್ಟು, ಭೂವಿಜ್ಞಾನಿಗಳು, ಸಾವಿರಾರು ಕಾರ್ಮಿಕರು ಇದ್ದೂ ಅಲ್ಲಿ ವರ್ಷಕ್ಕೆ ಬರುವುದು ಸುಮಾರು ಒಂದೂವರೆ ಟನ್ ಬಂಗಾರ. ಅದಕ್ಕಾಗಿ ಲಕ್ಷಗಟ್ಟಲೆ ಟನ್ ಅದಿರು ಅರೆಯುತ್ತಾರೆ. ಟನ್ನಿಗೆ ಸಿಗುವುದು ಎರಡು-ಮೂರು ಗ್ರಾಂ ಆಸುಪಾಸು. ಕೋಲಾರದಲ್ಲಿ ಬ್ರಿಟಿಷರ ಶುರುವಿನ ವರ್ಷಗಳಲ್ಲಿ ಟನ್ನಿಗೆ 40 ಗ್ರಾಂಗೂ ಮೇಲೆ ಇತ್ತಂತೆ. ಅದು ಇಳಿಯುತ್ತಾ ಬಂದು, ಖರ್ಚು ಗಿಟ್ಟದೆ, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು. ಕಲ್ಲು ಸಿಗುತ್ತಿತ್ತು, ಅದರಲ್ಲಿ ಮೊದಲಿನಷ್ಟು ಬಂಗಾರ ಸಿಗುತ್ತಿರಲಿಲ್ಲ.

ಇನ್ನು ಕಲ್ಲಿನಲ್ಲಿ ಇದ್ದದ್ದೆಲ್ಲ ಕೈಗೂ ಬರುವುದಿಲ್ಲ. ಕೆಜಿಎಫ್‌ನ ಸಯನೈಡ್ ದಿಬ್ಬಗಳಲ್ಲಿ ಇವತ್ತಿಗೂ ಬಂಗಾರ ಉಳಿದಿದೆ. ಬರೀ ನೀರಲ್ಲಿ ತೊಳೆದು ತೆಗೆಯುವ ಸಣ್ಣವರಿಗೆ ಅರ್ಧ ಸಿಕ್ಕರೂ ಪುಣ್ಯ.

ಅಲ್ಲೇ ಕಟ್ಟೆ ಮೇಲೆ ಕೂತು ಕಾಕಾರ ಎದುರಿಗೇ ಲೆಕ್ಕ ಮತ್ತೆ ಬರೆದೆವು. ದಿನಕ್ಕೆ 10 ತಾಸು, ತಿಂಗಳಿಗೆ 25 ದಿನ, ತಾಸಿಗೆ ಅದೇ 2 ಟನ್: 500 ಟನ್. ಟನ್ನಿಗೆ 3 ಗ್ರಾಂ, ಅದರಲ್ಲಿ ಅರ್ಧ ಕೈಗೆ: 750 ಗ್ರಾಂ. ರೊಕ್ಕದಲ್ಲಿ 75 ಲಕ್ಷ. ಹದಿನಾಲ್ಕು ಕೋಟಿ ಎಲ್ಲಿ, ಇದೆಲ್ಲಿ! ಇದೂ ಲಾಭ ಅಲ್ಲ. ಸಿಡಿಮದ್ದು, ಕೂಲಿ, ಡೀಸೆಲ್, ಸರ್ಕಾರದ ರಾಜಧನ ಎಲ್ಲ ಇದರಲ್ಲೇ ಹೋಗಬೇಕು. ಕಲ್ಲಿನಲ್ಲಿ ಒಂದೇ ಗ್ರಾಂ ಇದ್ದರೆ 25 ಲಕ್ಷ, ಆಗ ಖರ್ಚೂ ಹುಟ್ಟುವುದು ಕಷ್ಟ.

"ಅಂದ್ರ ಕಲ್ಲಿನ ಪರೀಕ್ಷೆ ಚೀಟಿ ಮೊದಲು ಕೇಳಬೇಕೇನು?" ಅಂದರು ಕಾಕಾ. ಹೌದು, ಯಾವ ಪ್ರಯೋಗಾಲಯದ್ದು, ಎಷ್ಟು ಜಾಗದಿಂದ ತೆಗೆದ ಕಲ್ಲು ಅಂತ ಬರೆದಿರುವ ಚೀಟಿ. ಒಂದು ಹೊಳೆಯುವ ಕಲ್ಲಿನ ಫೋಟೊ ಅಲ್ಲ.

ಇನ್ನೊಂದು ಕಾಗದವೂ ಬೇಕು. ನಮ್ಮ ಹೊಲದಲ್ಲೇ ಬಂಗಾರ ಸಿಕ್ಕರೂ ನಾವು ತೋಡುವ ಹಾಗಿಲ್ಲ. ಗಣಿ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆದಮೇಲೆ ಖಾಸಗಿಯವರಿಗೆ ಬಂಗಾರದ ಹೊಸ ಗುತ್ತಿಗೆ ಸಿಗುವುದು ಹರಾಜಿನಲ್ಲೇ. ಗುತ್ತಿಗೆ ಇದೆ ಅನ್ನುವವರಿಂದ ಆ ಆದೇಶದ ಪ್ರತಿ ಇಸಿದುಕೊಂಡು, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ತೋರಿಸಿ. ರೊಕ್ಕ ಕೊಡುವ ಮೊದಲು.